ಹನ್ನೊಂದು ನಿಮಿಷ ಮುಂದಿರುವ ಭಾವ

ನನ್ನ ಭಾವನಿಗೆ ತಲೆ ನೆಟ್ಟಗಿಲ್ಲ. ಈ ಮಾತನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ನಮ್ಮ ಮನೆಯವರೆಲ್ಲ ನಂಬಿದ್ದಾರೆ. ಹೊಟ್ಟೆಕಿಚ್ಚು ಇರುವುದು ನಿಜವೇ. ಹಾಗೆಂದು ಭಾವನ ತಲೆ ನೆಟ್ಟಗಾಗುತ್ತದೆಯೇ? ನೀವೇ ಹೇಳಿ, ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು "ನನ್ನ ಹತ್ತಿರ ನಲವತ್ತು ಉಂಟು" ಎನ್ನುವವರನ್ನು, ಆ ನಲವತ್ತಕ್ಕೂ ಮೀನಿನ ಹೆಸರು ಇಟ್ಟವರನ್ನು, ಎಲ್ಲದರಲ್ಲೂ ಹನ್ನೊಂದು ನಿಮಿಷ ಮುಂದೆ ಓಡುವ ಗಡಿಯಾರ ಕೂರಿಸಿ "ಸರಿಯೇ ಉಂಟು" ಎಂದು ಸಾಧಿಸುವವರನ್ನು ಏನೆಂದು ಕರೆಯಬೇಕು?

ನಮ್ಮ ಅಮ್ಮ ಭಾವನನ್ನು "ಬುದ್ಧಿವಂತರು" ಎಂದು ಕರೆಯುತ್ತಿದ್ದಳು. ನನಗೆ ಉರಿ ಹತ್ತಿಕೊಂಡದ್ದೇ ಅಲ್ಲಿಂದ.

ನ್ಯಾಯವಾಗಿ ನೋಡಿದರೆ ನಮ್ಮ ಕುಟುಂಬದಲ್ಲಿ ಕಂಪ್ಯೂಟರ್ ಎಂಬ ವಸ್ತುವಿನ ಹಕ್ಕುದಾರ ನಾನು. ತೊಂಬತ್ತೆಂಟರಲ್ಲಿ ಮಣಿಪಾಲದಿಂದ ಕಾಪುವಿನ ನಮ್ಮ ಮನೆಗೆ, ಬಾಡಿಗೆ ಕಾರಿನಲ್ಲಿ, ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ತಂದವನು ನಾನು. ಅಮ್ಮ ಹಳೆಯ ಸೀರೆ ಕತ್ತರಿಸಿ ಅದಕ್ಕೊಂದು ಮುಸುಕು ಹೊಲಿದಳು. ಆ ಮೇಜಿನ ಹತ್ತಿರ ಒಂದು ಲೋಟ ನೀರು ಸಹ ತರಕೂಡದು ಎಂದು ನಾನು ಕಾನೂನು ಮಾಡಿದೆ. ಊಟದ ಕೈಯಲ್ಲಿ ಅತ್ತ ಕಡೆ ಬೆರಳು ತೋರಿಸುವುದಕ್ಕೂ ಯಾರಿಗೂ ಅನುಮತಿ ಇರಲಿಲ್ಲ.

ಅದೇ ವರ್ಷ ಅಕ್ಕನ ಮದುವೆಯಾಯಿತು. ಭಾವ ಆಗ ಕಾರ್ಕಳದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್. ಸೀಸೆಗಳಿಗೆ ಚೀಟಿ ಅಂಟಿಸುವುದು, ಆಸಿಡ್ ಅಳೆದು ಕೊಡುವುದು ಅವರ ಕೆಲಸ. ಮೊದಲ ದೀಪಾವಳಿಗೆ ಅಳಿಯನಾಗಿ ಬಂದವರು ನನ್ನ ಕಂಪ್ಯೂಟರಿನ ಎದುರು ಕುಳಿತರು. ಕುಳಿತವರು ಮೊದಲು ತಮ್ಮ ಕೈಗಡಿಯಾರ ನೋಡಿದರು, ಆಮೇಲೆ ನಮ್ಮ ಗೋಡೆ ನೋಡಿದರು, ಆಮೇಲೆ ಕಂಪ್ಯೂಟರಿನ ಪರದೆಯ ಮೂಲೆ ನೋಡಿದರು. ಕಿಸೆಯಿಂದ ಒಂದು ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಇಂಥ ಚಟ ಇರುವವರಿಗೆ ನಮ್ಮ ಅಕ್ಕನನ್ನು ಕೊಟ್ಟೆವಲ್ಲ ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ಮೂರು ದಿನ ಅವರು ಅಲ್ಲಿಂದ ಏಳಲಿಲ್ಲ. ಎರಡನೆಯ ದಿನ ಅಮ್ಮ ನೀರುದೋಸೆ, ಕೋಳಿ ಸಾರು ತಂದು ಕೀಬೋರ್ಡಿನ ಪಕ್ಕದಲ್ಲೇ ಇಟ್ಟಳು!

"ಅಮ್ಮಾ, ಇಲ್ಲಿಗೆ ಒಂದು ಲೋಟ ನೀರು ಸಹ ತರಬಾರದು ಅಂತ ಹೇಳಿದ್ದೆ ಅಲ್ವಾ?" ಎಂದೆ.

"ನೀರು ಎಲ್ಲಿ ತಂದಿದ್ದೇನೆ ಮಗ? ದೋಸೆ ತಂದದ್ದು," ಎಂದಳು.

ಹೊರಡುವ ದಿನ "ಹೊರಡಿ ಹೊರಡಿ, ಬಸ್ಸು ಬಂತು!" ಎಂದು ಅಮ್ಮ ಎಲ್ಲರನ್ನೂ ಮನೆಯಿಂದ ಹೊರಗೆ ದಬ್ಬಿದಳು. ಓಡಿಕೊಂಡು ಹೋಗಿ ಹೈವೇ ಬದಿಯಲ್ಲಿ ನಿಂತೆವು. ಬಸ್ಸೆಲ್ಲಿ? ಗಾಳಿಯೂ ಬರಲಿಲ್ಲ. ಅಮ್ಮನದು ಯಾವಾಗಲೂ ಹೀಗೆಯೇ. ಭಾವ ಮಾತ್ರ ಕೈಗಡಿಯಾರ ನೋಡಿಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದರು.

ಎರಡು ವರ್ಷ ಕಳೆಯುವುದರೊಳಗೆ ಕಾಲೇಜಿನವರು ಹೊಸ ಕಂಪ್ಯೂಟರ್ ಲ್ಯಾಬು ಮಾಡಿ ಭಾವನನ್ನೇ ಅದರ ಉಸ್ತುವಾರಿಗೆ ಹಾಕಿದರು. ನನ್ನ ಕಂಪ್ಯೂಟರಿನ ಮೇಲೆ ಕೈ ಪಳಗಿಸಿಕೊಂಡವರಿಗೆ ಇಪ್ಪತ್ತು ಕಂಪ್ಯೂಟರ್! ನಾನು ಕಟಪಾಡಿಯ ಜಂಕ್ಷನ್ನಿನಲ್ಲಿ ಒಂದು ಅಂಗಡಿ ಹಿಡಿದು ಜೆರಾಕ್ಸ್, ಲ್ಯಾಮಿನೇಶನ್, ಮದುವೆಯ ಕಾಗದ ಎಂದು ಕುಳಿತಿದ್ದೆ. ನನ್ನ ಕಂಪ್ಯೂಟರ್ ಒಂದೇ. ಅದರಲ್ಲೂ ಕೆಲವು ಕೀಲಿಗಳಿಗೆ ಇನ್ನೂ ಕೋಳಿ ಸಾರಿನ ವಾಸನೆ ಇತ್ತು.

ಕಾಲೇಜಿನ ಮಕ್ಕಳು ಕಂಪ್ಯೂಟರನ್ನು ಹೇಗೆ ಇಡುತ್ತಾರೆ ಎಂದು ಹೇಳಬೇಕಾಗಿಲ್ಲ. ಒಬ್ಬ ಆಟ ತುಂಬಿಸುತ್ತಾನೆ, ಇನ್ನೊಬ್ಬ ಫ್ಲಾಪಿಯಲ್ಲಿ ವೈರಸ್ ತರುತ್ತಾನೆ. ಭಾವ ಇದಕ್ಕೊಂದು ಉಪಾಯ ಕಂಡುಕೊಂಡರು. ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಚೆಂದವಾಗಿ ಸಜ್ಜುಗೊಳಿಸುವುದು, ಅದರ ಇಡೀ ಅಚ್ಚನ್ನು ತೆಗೆದಿಟ್ಟುಕೊಳ್ಳುವುದು, ಪ್ರತಿ ಶನಿವಾರ ಆ ಅಚ್ಚಿನಿಂದ ಇಪ್ಪತ್ತನ್ನೂ ಹೊಸದಾಗಿ ಮಾಡುವುದು. ಈ ಅಚ್ಚಿಗೆ ಇಮೇಜ್ ಎಂದು ಹೆಸರು. ಚೌತಿಗೆ ಬಂದಾಗ ಇದನ್ನೆಲ್ಲ ಊಟದ ಎಲೆಯ ಮುಂದೆ ವಿವರಿಸತೊಡಗಿದರು. ನನಗೂ ಸರಿಯಾಗಿ ತಲೆಗೆ ಹೋಗಿರಲಿಲ್ಲ, ಅಷ್ಟರಲ್ಲಿ ಬಡಿಸುತ್ತಿದ್ದ ಅಮ್ಮ ಕೇಳಿದಳು:

"ಅಂದರೆ ಮೊಸರಿಗೆ ಹೆಪ್ಪು ತೆಗೆದಿಟ್ಟ ಹಾಗೆ, ಅಲ್ವಾ? ಹಾಲು ಕೆಟ್ಟರೂ ಹೆಪ್ಪು ಇದ್ದರೆ ಸಾಕು."

ಭಾವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. "ಅತ್ತೆ, ನಮ್ಮ ಪ್ರಿನ್ಸಿಪಾಲರಿಗೆ ಒಂದು ತಿಂಗಳಿಂದ ಹೇಳುತ್ತಾ ಇದ್ದೇನೆ. ನಿಮ್ಮಷ್ಟು ಬೇಗ ಅವರಿಗೆ ಆಗಲಿಲ್ಲ!"

ಅಮ್ಮ ಹಿಗ್ಗಿ ಅವರಿಗೆ ಎರಡು ಸೌಟು ಪಾಯಸ ಹೆಚ್ಚು ಬಡಿಸಿದಳು. ಮೌಸ್ ಎಂದರೇನು ಎಂದು ನಾನು ಎರಡು ವರ್ಷ ಹೇಳಿಕೊಟ್ಟರೂ "ಅದೊಂದು ನನಗೆ ಬೇಡ ಮಗ" ಎಂದವಳು ಇವಳೇ! ನನ್ನ ಎಲೆಯ ಹತ್ತಿರ ಬರುವಾಗ ಪಾಯಸ ಮುಗಿದಿತ್ತು.

ಆಮೇಲೆ ಭಾವನನ್ನು ಹಿಡಿಯುವವರೇ ಇರಲಿಲ್ಲ. ಒಂದು ಕಂಪ್ಯೂಟರಿನೊಳಗೆ ಬರೀ ಲೆಕ್ಕಕ್ಕೆ ಮಾತ್ರ ಇರುವ, ಕೈಗೆ ಸಿಗದ ನಾಲ್ಕು ಕಂಪ್ಯೂಟರ್‌ಗಳನ್ನು ಎಬ್ಬಿಸಲು ಕಲಿತರು. ಕೊನೆಗೆ ಮಣಿಪಾಲದ ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ನಾಲ್ಕು ದೊಡ್ಡ ಯಂತ್ರಗಳನ್ನು ತಂದು, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಒಂದಕ್ಕೊಂದು ಜೋಡಿಸಿ, ಇದು ನಮ್ಮ ಕ್ಲೌಡ್ ಎಂದರು. ಈ ಕಡೆ ಮಕ್ಕಳ ಎದುರು ಇರುವುದು ಬರೀ ಪರದೆ ಮತ್ತು ಕೀಬೋರ್ಡು. ಕೇಳಿದವರಿಗೆ ಕೇಳಿದ ಅಚ್ಚಿನಿಂದ ಆ ಕೋಣೆಯೊಳಗೆ ಒಂದು ಕಂಪ್ಯೂಟರ್ ಹುಟ್ಟುತ್ತದೆ, ಸಂಜೆಗೆ ಇಲ್ಲವಾಗುತ್ತದೆ. ಒಟ್ಟು ನಲವತ್ತರವರೆಗೆ ಹುಟ್ಟಿಸಬಹುದಂತೆ.

ಹುಟ್ಟಿದವಕ್ಕೆ ಹೆಸರು ಬೇಡವೇ? ಸಣ್ಣದಕ್ಕೆ ಬೂತಾಯಿ, ನಡುವಿನದಕ್ಕೆ ಬಂಗುಡೆ, ದೊಡ್ಡದಕ್ಕೆ ಅಂಜಲ್ ಎಂದು ಮೀನಿನ ಹೆಸರುಗಳನ್ನೇ ಇಟ್ಟರು. ಮಕ್ಕಳು ಬಂದು "ಸಾರ್, ಒಂದು ಬಂಗುಡೆ ಕೊಡಿ" ಎನ್ನುವುದು, ಭಾವ ಗಂಭೀರವಾಗಿ "ಬಂಗುಡೆ ಖಾಲಿ, ಬೂತಾಯಿ ಆದೀತಾ?" ಎಂದು ಕೇಳುವುದು! ಸಸ್ಯಾಹಾರಿ ಅಧ್ಯಾಪಕರೊಬ್ಬರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಹೆಸರು ಬದಲಾಯಿಸಿ ಎಂದು ಆದೇಶ ಬಂತು. ಭಾವ ಒಂದನ್ನೂ ಬದಲಾಯಿಸಲಿಲ್ಲ. ಆ ಅಧ್ಯಾಪಕರಿಗೆಂದೇ ಪ್ರತ್ಯೇಕ ಒಂದು ಅಚ್ಚು ಸೇರಿಸಿ ಅದಕ್ಕೆ ಬೆಂಡೆ ಎಂದು ಹೆಸರಿಟ್ಟರು.

ಇಷ್ಟೆಲ್ಲ ಇದ್ದರೂ ದೇವರು ನನಗಾಗಿ ಭಾವನಲ್ಲಿ ಒಂದು ತಪ್ಪನ್ನು ಉಳಿಸಿದ್ದ. ಗಡಿಯಾರ! ಬೂತಾಯಿ ಇರಲಿ, ಅಂಜಲ್ ಇರಲಿ, ಅವರ ಅಚ್ಚಿನಿಂದ ಎದ್ದ ಯಾವ ಯಂತ್ರವೂ ಸರಿಯಾದ ಗಂಟೆ ತೋರಿಸುತ್ತಿರಲಿಲ್ಲ. ಮೊದಲ ಅಚ್ಚಿನ ಕಾಲದಿಂದಲೂ ಎಲ್ಲವೂ ಹನ್ನೊಂದು ನಿಮಿಷ ಮುಂದೆ. ಒಮ್ಮೆ ಹೊರಗಿನಿಂದ ಬಂದ ಪರೀಕ್ಷಕರು ಗಾಬರಿಯಾಗಿ ಕೇಳಿದರಂತೆ:

"ಗೋಡೆಯ ಗಡಿಯಾರ ಸರಿಯಾ?"

"ಸರಿ ಉಂಟು ಸಾರ್."

"ಹಾಗಾದರೆ ಕಂಪ್ಯೂಟರಿನದ್ದು ಎಂತ?"

"ಅದೂ ಸರಿಯೇ ಉಂಟು ಸಾರ್."

ಪರೀಕ್ಷಕರು ಆ ದಿನ ಚಹಾ ಸಹ ಕುಡಿಯದೆ ಹೋದರಂತೆ. ಅಕ್ಕ ಈ ಕಥೆಯನ್ನು ಹೇಳಿದಾಗ ನನಗಾದ ಸಂತೋಷವನ್ನು ಬರೆದು ಹೇಳಲಾಗದು. ಎಲ್ಲರಿಗಿಂತ ತಾನೇ ಮುಂದೆ ಎಂದು ತೋರಿಸುವ ಅಹಂಕಾರ, ಇನ್ನೇನು! ನೆಂಟರ ಮನೆಯ ಪ್ರತಿ ಊಟದಲ್ಲೂ ನಾನು ಆ ಹನ್ನೊಂದು ನಿಮಿಷವನ್ನು ಉಪ್ಪಿನಕಾಯಿಯ ಹಾಗೆ ಬಡಿಸಿದೆ.

ಅಮ್ಮನ ಮೇಲೆ ಮಾತ್ರ ಅದರ ಪರಿಣಾಮ ಆಗಲಿಲ್ಲ. ಭಾವ ಇನ್ನೂ ಒಂದರೊಳಗೆ ನಾಲ್ಕು ಮಾಡುತ್ತಿದ್ದ ದಿನಗಳಲ್ಲಿ ಅವಳು ಉಡುಪಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ನಾನು ಗಂಜಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ನರ್ಸಿನ ಹತ್ತಿರ ಹೇಳುತ್ತಿದ್ದಳು:

"ನನ್ನ ಅಳಿಯ ಒಂದು ಕಂಪ್ಯೂಟರಿನೊಳಗೆ ನಾಲ್ಕು ಕಂಪ್ಯೂಟರ್ ಮಾಡುತ್ತಾರೆ, ಗೊತ್ತುಂಟಾ?"

"ಹೌದಾ ಅಮ್ಮ? ಮಗ ಎಂತ ಮಾಡುವುದು?"

"ಅವನು ಕಟಪಾಡಿಯಲ್ಲಿ ಜೆರಾಕ್ಸ್ ಮಾಡುತ್ತಾನೆ."

ಒಂದು ಪುಟದೊಳಗೆ ನಾಲ್ಕು ಪುಟ ಕೂರಿಸಿ ಜೆರಾಕ್ಸ್ ಮಾಡುವವನು ನಾನೂ ಹೌದಲ್ಲ! ಅದನ್ನು ಹೇಳಬಾರದಿತ್ತೇ? ನಾನು ಒಳಗೆ ಹೋಗಿ ಗಂಜಿ ಕುಡಿಸಿದೆ. ಅದೇ ವರ್ಷ ಅಮ್ಮ ಹೋದಳು. ಅವಳ ಬಾಯಿಂದ ಒಮ್ಮೆ, ಒಂದೇ ಒಂದು ಸಲ, ಭಾವನಿಗಿಂತ ನಾನು ವಾಸಿ ಎಂದು ಹೇಳಿಸಿಕೊಳ್ಳಬೇಕು ಎಂದಿದ್ದದ್ದು ಹಾಗೆಯೇ ಉಳಿಯಿತು.

ಮತ್ತೆ ಎರಡು ವರ್ಷ ಕಳೆದು, ಭಾವನ ಕ್ಲೌಡ್ ಸರಿಯಾಗಿ ನಡೆಯತೊಡಗಿದ ಮೇಲೆ, ಒಂದು ಶುಕ್ರವಾರ ಅಕ್ಕನ ಫೋನು ಬಂತು. ಭಾವ ಗುಡ್ಡದ ಮೇಲಿನ ಬಸದಿಯ ಮೆಟ್ಟಿಲಿಳಿಯುವಾಗ ಜಾರಿ ಬಲಗೈ ಮುರಿದುಕೊಂಡಿದ್ದಾರೆ. ಸೋಮವಾರ ಪರೀಕ್ಷೆ. ಅದಕ್ಕೆ ಹೊಸ ಅಚ್ಚು ಸೇರಿಸಬೇಕು.

"ನೀನೇ ಬರಬೇಕಂತೆ ಮಾರಾಯ. ಬೇರೆ ಯಾರನ್ನೂ ಮುಟ್ಟಲಿಕ್ಕೆ ಬಿಡುವುದಿಲ್ಲವಂತೆ," ಎಂದಳು ಅಕ್ಕ.

ಕೈ ಮುರಿದದ್ದಕ್ಕೆ ನನಗೆ ಬೇಸರವಾಯಿತು, ಖಂಡಿತ ಆಯಿತು. ಆದರೆ ಶನಿವಾರ ಬೆಳಿಗ್ಗೆ ಕಟಪಾಡಿಯಲ್ಲಿ ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತುವಾಗ ನನ್ನ ಬಾಯಲ್ಲಿ ಸಿಳ್ಳೆ ಇತ್ತು. ಇಷ್ಟು ವರ್ಷಕ್ಕೆ ಆ ಅಚ್ಚುಗಳ ಕೀಲಿಕೈ ನನ್ನ ಕೈಗೆ! ಆ ಗಡಿಯಾರವನ್ನು ಸರಿ ಮಾಡಿಯೇ ಬರುವುದೆಂದು ನಿರ್ಧರಿಸಿದ್ದೆ. ಸೋಮವಾರ ಇಡೀ ಕಾಲೇಜು ಸರಿಯಾದ ಗಂಟೆ ನೋಡಿ "ಯಾರು ಮಾಡಿದ್ದು?" ಎಂದು ಕೇಳಬೇಕು.

ಕೈಯನ್ನು ಕೊರಳಿಗೆ ಕಟ್ಟಿಕೊಂಡ ಭಾವ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿ ಕುಳಿತರು.

"ಮೊದಲು ಅಚ್ಚನ್ನು ಒಳಗೆ ಕಳುಹಿಸು. ಹೆಸರು ಕೊಡು."

"ಎಂತ ಹೆಸರು?"

"ಪರೀಕ್ಷೆಯದ್ದಲ್ವಾ? ಮುಳ್ಳು ಹೆಚ್ಚಿರುವ ಮೀನೇ ಆಗಬೇಕು. ಪೇಡಿ ಅಂತ ಇಡು."

ಇಟ್ಟೆ. ಎಷ್ಟು ಮೆಮೊರಿ ಎಂದು ಬರೆಸಿದರು, ಯಾವ ಜಾಲಕ್ಕೆ ಸೇರಬೇಕು ಎಂದು ಬರೆಸಿದರು. ಪರೀಕ್ಷೆಯ ಅಚ್ಚು ಮಕ್ಕಳ ಕಣ್ಣಿಗೆ ಮೊದಲೇ ಬೀಳಬಾರದೆಂದು ಅದಕ್ಕೆ ಬೀಗ ಹಾಕಿಸಿದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆಯುತ್ತಾರೆಂದು ಯಾರೋ ಬಂದರು. "ಉಳಿದದ್ದು ಇದರಲ್ಲಿ ಉಂಟು" ಎಂದು ಹಳೆಯ ಪುಟ್ಟ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು.

ನಾನು ಪುಸ್ತಕ ಯಾಕೆ ನೋಡಲಿ? ಯಂತ್ರ ಎಚ್ಚರವಾಗುವಾಗ ಓದಿಕೊಳ್ಳುವ ಕಡತವನ್ನು ನೇರವಾಗಿ ತೆರೆದೆ. ಮೊದಲ ಸಾಲಿನಲ್ಲೇ ಇತ್ತು: ಸಮಯಕ್ಕೆ ಹನ್ನೊಂದು ನಿಮಿಷ ಕೂಡಿಸು. ಸಿಕ್ಕಿಬಿದ್ದಿರಿ ಭಾವ! ಅಳಿಸಿದೆ. ಹತ್ತು ವರ್ಷದ ಹೊಟ್ಟೆಕಿಚ್ಚು ಒಂದು ಕೀಲಿ ಒತ್ತುವುದರೊಳಗೆ ತಣ್ಣಗಾಯಿತು.

ಉಳಿದ ಕೆಲಸ ಏನೆಂದು ನೋಡಲು ಆಮೇಲೆ ಪುಸ್ತಕ ತೆರೆದೆ. ಸೀಸೆಗೆ ಚೀಟಿ ಬರೆಯುವ ಅದೇ ಗುಂಡು ಅಕ್ಷರ. ಅಚ್ಚಿನ ಕ್ರಮಗಳ ಪಟ್ಟಿಗೂ ಮೊದಲು, ಮೊದಲ ಪುಟದಲ್ಲಿ, ಶಾಯಿ ಮಾಸಿದ ಕೆಲವು ಸಾಲು ಇತ್ತು.

"ಕಾಪು. ದೀಪಾವಳಿ. ಅತ್ತೆಯ ಗೋಡೆ ಗಡಿಯಾರ ಹನ್ನೊಂದು ನಿಮಿಷ ಮುಂದೆ. ಮಕ್ಕಳಿಗೆ ಬಸ್ಸು ತಪ್ಪಬಾರದೆಂದು. ಕಂಪ್ಯೂಟರೂ ಹಾಗೆಯೇ."

ನಾನು ಆ ಗಡಿಯಾರವನ್ನು ಮರೆತಿರಲಿಲ್ಲ. ಅಮ್ಮ ಅದನ್ನು ಮುಂದಿಡುತ್ತಾಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎಷ್ಟು ನಿಮಿಷ ಎಂದು ಅಳೆದವರು ಇರಲಿಲ್ಲ. ಮಣಿಪಾಲದಿಂದ ತಂದ ದಿನ ನನ್ನ ಕಂಪ್ಯೂಟರಿಗೆ ಗಂಟೆ ಹೊಂದಿಸಿದ್ದು ಆ ಗೋಡೆಯನ್ನು ನೋಡಿಯೇ. ಅಮ್ಮ ಹೋದ ಮೇಲೆ ಮನೆಗೆ ಬಣ್ಣ ಬಳಿಸುವಾಗ ಅದನ್ನು ಇಳಿಸಿ ಗುಜರಿಗೆ ಕೊಟ್ಟವನೂ ನಾನೇ. ಸರಿಯಾದ ಗಂಟೆ ತೋರಿಸುವುದಿಲ್ಲ ಎಂದು.

"ಆಯಿತಾ?" ಎನ್ನುತ್ತಾ ಭಾವ ಬಂದರು. ಪರದೆಯನ್ನೂ ನನ್ನ ಮುಖವನ್ನೂ ನೋಡಿದರು. ಬೈಯಲಿಲ್ಲ.

"ಅಳಿಸಿದ್ದೀಯಾ? ಅಳಿಸು, ತೊಂದರೆ ಇಲ್ಲ. ನಿಮ್ಮ ಅಮ್ಮನದ್ದು, ನಿನ್ನ ಇಷ್ಟ."

"ನೀವು ಯಾಕೆ ಭಾವ ಇದನ್ನು..."

ಅವರು ಕಟ್ಟಿದ ಕೈಯನ್ನು ಸ್ವಲ್ಪ ಸರಿಮಾಡಿಕೊಂಡರು. "ನಾನು ಚಿಕ್ಕಮ್ಮನ ಮನೆಯಲ್ಲಿ ಬೆಳೆದವ ಅಲ್ವಾ ಮಾರಾಯ. ನನಗೆ ಬಸ್ಸು ತಪ್ಪಿದರೆ ತಪ್ಪಿತು. ನಿಮಗೆ ಗಡಿಯಾರ ತಿರುಗಿಸಿ ಇಡುವವರು ಇದ್ದರು. ಆ ದಿನ ನೋಡಿದಾಗ ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚು ಆಯಿತು ಗೊತ್ತುಂಟಾ?"

ಹತ್ತು ವರ್ಷ ನಾನೊಬ್ಬನೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ! ತಿರುಗಿ ಕುಳಿತು ಆ ಸಾಲನ್ನು ಮತ್ತೆ ಬರೆದೆ. ಅಕ್ಷರ ಕಾಣದೆ ಎರಡು ಸಲ ತಪ್ಪಿತು. ಮೂರನೆಯ ಸಲ ಸರಿಯಾಯಿತು. ಪೇಡಿಯನ್ನು ಎಬ್ಬಿಸಿ ನೋಡಿದೆವು. ಪರದೆಯ ಮೂಲೆಯಲ್ಲಿ ಗಂಟೆ ನಾಲ್ಕೂವರೆ.

"ನಾಲ್ಕೂವರೆಗೆ ಅಲ್ವಾ ನಿನ್ನ ಬಸ್ಸು?" ಎಂದು ಭಾವ ಎದ್ದೇ ಬಿಟ್ಟರು. "ಹೊರಡು ಹೊರಡು, ಬಸ್ಸು ಬಂತು!"

ನಾನು ಓಡಿದೆ. ಕಾರ್ಕಳದ ಬಸ್‌ಸ್ಟ್ಯಾಂಡಿಗೆ ಏದುಸಿರು ಬಿಡುತ್ತಾ ಹೋಗಿ ನೋಡಿದರೆ ಬಸ್ಸಿನ ಸುಳಿವೇ ಇಲ್ಲ. ಬೆಂಚಿನ ಮೇಲೆ ಕುಳಿತು ಕಣ್ಣು ಒರೆಸಿಕೊಂಡೆ. ಚಿಕ್ಕಂದಿನಲ್ಲಿ ಹೈವೇ ಬದಿಯಲ್ಲಿ ಹೀಗೆ ಕಾಯುವಾಗ ಅಮ್ಮನನ್ನು ಎಷ್ಟು ಬೈದುಕೊಂಡಿದ್ದೆ! ಆ ದಿನ ಮಾತ್ರ ಬಸ್ಸು ಇನ್ನೂ ಸ್ವಲ್ಪ ತಡವಾಗಿ ಬರಲಿ ಎಂದುಕೊಂಡೆ.