ಅಕ್ಕಾರ ಕೈಯಾಗಿನ ಬ್ರೇಕು

ಗ್ಯಾರೇಜಿಗೆ ಗಾಡಿ ಒಂದೇ ಕೆಟ್ಟು ಬರೂದಿಲ್ಲ, ಅದರ ಹಿಂದ ಮನಿ ಜಗಳನೂ ಬರತದ. ರಾಯಚೂರಿನ ಗಂಜ್ ಹತ್ರ ಇಪ್ಪತ್ತು ವರ್ಷ ಮಿಸ್ತ್ರಿ ಆಗಿ ಪಾನಾ ಹಿಡದವ ನಾನು. ಎಂಜಿನ್ ಎಷ್ಟು ಬಿಚ್ಚೀನೋ, ಅಷ್ಟು ಮನಿ ಮಾತೂ ಕೇಳೀನಿ. ಎಪ್ಪತ್ತರ ದಶಕದಾಗಿನ ಒಂದೇ ಒಂದು ಹ್ಯಾಂಡ್ ಬ್ರೇಕಿನ ಕತಿ ಹೇಳ್ತೀನಿ, ಅದೇ ಬೇಕಾದಷ್ಟಾತು.

ಉಲ್ಟಾ ಗುಂಡಿ

ನಮ್ಮೂರ ವಕೀಲ ಸಾಹೇಬ್ರು ಹೈದರಾಬಾದಿನಿಂದ ಒಂದು ಹಳಿ ವಿಲಾಯತಿ ಗಾಡಿ ತಂದ್ರು. ಓಟದ ಗಾಡಿ, ಎರಡೇ ಸೀಟು, ಮ್ಯಾಲ ಟಾಪಿಲ್ಲ. ಎರಡು ಸೀಟಿನ ನಡುವ ಹ್ಯಾಂಡ್ ಬ್ರೇಕು. ಆಯಿಲ್ ಬದಲಿಸು ಅಂತ ನನ್ನ ಹತ್ರ ಬಿಟ್ಟು ಕೋರ್ಟಿಗೆ ಹೋದ್ರು.

ಬಿಸಲಾಗ ನಿಂತದ, ನೆರಳಿಗೆ ತಗೊಳ್ಳೋಣು ಅಂತ ಬ್ರೇಕಿನ ಗುಂಡಿ ಒತ್ತಿದೆ. ಬಿಡಲಿಲ್ಲ. ಜೋರಾಗಿ ಒತ್ತಿದೆ, ಇನ್ನಷ್ಟು ಕಚ್ಚಿಕೊಂತು. ಹಿಂದಿನ ಎರಡೂ ಗಾಲಿ ಬಿಚ್ಚಿ, ಎಲ್ಲಾ ಒರಸಿ, ಮತ್ತ ಕೂಡಿಸಿದೆ. ಮಧ್ಯಾಹ್ನ ಆತು, ಊಟಾನೂ ಇಲ್ಲ.

ಸಂಜಿಗೆ ಸಾಹೇಬ್ರು ಬಂದು ಎರಡು ಬೆರಳಿಲೆ ಹಿಡಿಕಿ ಚೂರು ಎಳದು ಕೈಬಿಟ್ರು. ಬ್ರೇಕು ತಾನ ಬಿಟ್ಟು ಗಾಡಿ ಮುಂದಕ್ಕ ಉರುಳಿತು. ಈ ಗಾಡಿದು ಎಲ್ಲಾ ಉಲ್ಟಾ, ಗುಂಡಿ ಒತ್ತಿದ್ರ ಕಚ್ಚತದ, ಎಳದು ಬಿಟ್ರ ಬಿಡತದ ಅಂದ್ರು. ಗಾಲಿ ಯಾಕ ಬಿಚ್ಚಿದ್ದಿ ಅಂತ ಕೇಳಿದ್ರು.

ಧೂಳ ತುಂಬಿತ್ರಿ ಅಂದೆ.

ದೇವದುರ್ಗದ ಹಾದಿ

ಸಾಹೇಬ್ರಿಗೆ ಇದ್ದದ್ದು ಒಂದೇ ಆಸಿ. ಹೆಂಡ್ತೀನ ಪಕ್ಕಕ ಕೂಡಿಸಿಕೊಂಡು ಆಕಿ ತವರುಮನಿ ದೇವದುರ್ಗಕ್ಕ ಈ ಗಾಡಿಯೊಳಗ ಹೋಗಬೇಕು. ನಾವೆಲ್ಲಾ ಆಕಿಗೆ ಅಕ್ಕಾರು ಅಂತಿದ್ವಿ. ಬಸ್ಸಿನಾಗ ಮುಂದಿನ ಸೀಟಿನ ಪೈಪು ಹಿಡಕೊಂಡು ಹೋಗಿ ರೂಢಿ ಇದ್ದ ಹೆಣ್ಣುಮಗಳು. ಈ ಗಾಡಿಯೊಳಗ ಹಿಡಕೊಳ್ಳಾಕ ಏನೂ ಇಲ್ಲ.

ಊರು ದಾಟಿ ಸ್ವಲ್ಪ ದೂರ ಹೋದ ಮ್ಯಾಲ ಎಮ್ಮಿ ಹಿಂಡು ಅಡ್ಡ ಬಂತು. ಅಕ್ಕಾರು ಹೆದರಿ ಕೈಗೆ ಸಿಕ್ಕದ್ದು ಎಳದ್ರು. ಸಿಕ್ಕದ್ದು ಹ್ಯಾಂಡ್ ಬ್ರೇಕು. ಗಾಡಿ ಗರ್ರಂತ ತಿರುಗಿ, ಧೂಳು ಇಳಿಯೂದ್ರಾಗ ರಾಯಚೂರಿನ ಕಡಿ ಮುಖಾ ಮಾಡಿ ನಿಂತಿತ್ತಂತ.

ಅಕ್ಕಾರು ಸೆರಗು ಝಾಡಿಸಿಕೊಂಡು ಇಳದ್ರು. "ಗಾಡಿಗೆ ಮನಿ ನೆನಪಾಗ್ಯಾದ, ನೀವು ಹೋಗ್ರಿ. ನಾ ಬಸ್ಸಿಗೆ ತವರಿಗೆ ಹೋಗ್ತೀನಿ" ಅಂದು, ಹಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿ ಹೋಗೇಬಿಟ್ರು.

ರಾಜಿ

ಅಂದಿನಿಂದ ಅಕ್ಕಾರದು ಒಂದೇ ಮಾತು. ಬ್ರೇಕು ತಮ್ಮ ಕೈಯಾಗ ಇದ್ರ ಕೂಡ್ತಾರ, ಇಲ್ಲಾಂದ್ರ ಇಲ್ಲ. ಮತ್ತ ಗಾಡಿ ತಿರುಗೀತು, ಅದನ್ನ ಮುಟ್ಟಬ್ಯಾಡ ಅಂತ ಸಾಹೇಬ್ರದು. ಪಕ್ಕದ ಸೀಟಿನ್ಯಾಗ ಕಾಗದಪತ್ರದ ಗಂಟು ಇಟ್ಟುಕೊಂಡು ಒಬ್ರ ತಿರಗಾಕತ್ತಿದ್ರು ಸಾಹೇಬ್ರು. ನೋಡಿದ್ರ ಪಾಪ ಅನಸ್ತಿತ್ತು. ಇಡೀ ರಾಯಚೂರು ತಮ್ಮ ಪಕ್ಕ ಕೂಡಾಕ ತಯಾರದ, ಆಕಿ ಒಬ್ಬಾಕಿ ಬರೂದಿಲ್ಲ ಅಂತ ನನ್ನ ಮುಂದ ಹೇಳಿಕೊಂಡ್ರು.

ಕಡೀಗೆ ಅವರೇ ಒಂದು ದಾರಿ ಹುಡುಕಿದ್ರು. ಖರೇ ಬ್ರೇಕಿನ ಹಿಡಿಕಿ ತಮ್ಮ ಬಲಗಡಿ ಬಾಗಲ ಬಾಜು ಕೂಡಸಬೇಕು. ಅದು ಇದ್ದ ಜಾಗಾದಾಗ ಮುರಕು ಜೀಪಿಂದು ಒಂದು ಹಿಡಿಕಿ. ಎಳದ್ರ ಕಟಕಟ ಸಪ್ಪಳ ಬರಬೇಕು, ಆದ್ರ ಯಾವುದಕ್ಕೂ ಕೂಡಿರಬಾರದು. ಅಕ್ಕಾರು ಎಳದಾಗೊಮ್ಮೆ ಸಾಹೇಬ್ರು ಕಾಲಿಲೆ ಬ್ರೇಕು ಒತ್ತೂದು.

"ಸಾಹೇಬ್ರ, ಇದು ಮೋಸ ಅಲ್ಲೇನ್ರಿ?" ಅಂದೆ.

"ಮೋಸ ಅಲ್ಲ ಮಿಸ್ತ್ರಿ, ರಾಜಿ" ಅಂದ್ರು ವಕೀಲರು. ಯಾರಿಗೂ ಹೇಳೂದಿಲ್ಲ ಅಂತ ನನ್ನ ಕಡಿಂದ ಕಸಂ ಹಾಕಿಸಿಕೊಂಡ್ರು.

ಸಾಹೇಬ್ರ ಬಲಗಾಲು

ಅಕ್ಕಾರು ಕೂತ್ರು, ಎಳದ್ರು, ಗಾಡಿ ನಿಂತಿತು. ಖುಷಿ ಆಗಿ ನನಗ ಚಹಾ ಕುಡಿಸಿದ್ರು. ಆಮ್ಯಾಲ ಶುರು ಆತು ನೋಡ್ರಿ. ಸಾಹೇಬ್ರು ಲಾರಿ ಹಿಂದ ಹಾಕಾಕ ಹೋದ್ರ ಕಟಕಟ. ಮಾನ್ವಿಯೊಳಗ ಪರಿಚಯದವರು ಕಂಡ್ರ ಕಟಕಟ. ಪೋತ್ನಾಳದಾಗ ಬದನಿಕಾಯಿ ಕಂಡ್ರೂ ಕಟಕಟ.

ಎರಡು ತಿಂಗಳಿಗೆ ಸಾಹೇಬ್ರು ಕುಂಟಿಕೋತ ಬಂದ್ರು. "ಆ ಹಿಡಿಕಿ ಕೊಯ್ದು ಒಗಿ ಮಿಸ್ತ್ರಿ, ತಾನ ಮುರೀತು ಅಂತ ಹೇಳ್ತೀನಿ. ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರು ಸಾಕು ಅಂತ ಕೈ ಎತ್ತಿದ್ರೂ ನನ್ನ ಕಾಲು ನೆಲಾ ಒತ್ತಾಕತ್ತದ" ಅಂದು, ಗಾಡಿ ಬಿಟ್ಟು ಹೋದ್ರು.

ಎರಡನೇ ಕಸಂ

ನಾ ಹಿಡಿಕಿ ಕೊಯ್ಯಾಕ ಆಕ್ಸಾ ಬ್ಲೇಡು ಹಚ್ಚೂದಕ್ಕೂ ಅಕ್ಕಾರು ಸಂತಿ ಚೀಲ ಹಿಡಕೊಂಡು ಗ್ಯಾರೇಜಿಗೆ ಬರೂದಕ್ಕೂ ಸರಿ ಹೋತು. ಬ್ಲೇಡು ಬೆನ್ನ ಹಿಂದ ಹಿಡಕೊಂಡೆ. ಖರೇ ಹೇಳಿದ್ರ ಕಸಂ ಮುರೀತದ, ಸುಳ್ಳು ಹೇಳಿದ್ರ ಅಕ್ಕಾರ ಮುಖಾ ನೋಡೂದು ಹೆಂಗ? ಬ್ರೇಕು ಸ್ವಲ್ಪ ಸಡಿಲಾಗ್ಯಾದ್ರಿ ಅಂತ ತೊದಲಿದೆ.

ಅಕ್ಕಾರು ಚೀಲ ಕೆಳಗಿಟ್ರು. "ಅದು ಯಾವುದಕ್ಕೂ ಕೂಡಿಲ್ಲ ಅನ್ನೂದು ನನಗ ಮೊದಲನೇ ದಿನಾನ ಗೊತ್ತಾತು ತಮ್ಮಾ. ನಾ ಎಳದಾಗೊಮ್ಮೆ ಅವರ ಮೊಣಕಾಲು ಮುಂದ ಹೋಗತದ, ನನಗ ಕಣ್ಣಿಲ್ಲೇನು?"

ಮತ್ತ ಯಾಕ ಎಳೀತೀರಿ ಅಂತ ಕೇಳಿದೆ.

"ಲಗ್ನ ಆಗಿ ಹದಿನೆಂಟು ವರ್ಷ ಆತು. ಬಾಯಿಲೆ ಹೇಳಿದ್ರ ಒಂದಿನಾನೂ ನಿಂತವರಲ್ಲ. ಇದನ್ನ ಎಳದ್ರ ನಿಲ್ತಾರ. ಗಟ್ಟಿ ವೆಲ್ಡಿಂಗ್ ಮಾಡಿಕೊಡು. ಅವರಿಗೆ ಹೇಳಂಗಿಲ್ಲ, ಕಸಂ ಹಾಕು."

ಹಾಕಿದೆ. ವೆಲ್ಡಿಂಗೂ ಮಾಡಿದೆ. ಮರುದಿನ ಸಾಹೇಬ್ರು ಬಂದಾಗ, ಆ ಹಿಡಿಕಿ ಕೊಯ್ದ್ರ ಗೇರ್ ಬಾಕ್ಸೇ ಕೆಳಗ ಬೀಳತದ್ರಿ ಅಂತ ಹೇಳಿದೆ. ಊರಿಗೆಲ್ಲಾ ಅಡ್ಡ ಪ್ರಶ್ನಿ ಹಾಕೋ ವಕೀಲರು ನನಗ ಒಂದು ಪ್ರಶ್ನಿನೂ ಹಾಕಲಿಲ್ಲ. ಮೊಣಕಾಲಿಗೆ ಹಚ್ಚಾಕ ಚಲೋ ಎಣ್ಣಿ ಎಲ್ಲಿ ಸಿಗತದ ಅಂತ ಮಾತ್ರ ಕೇಳಿದ್ರು.