ಗುಂಡಮ್ಮನ ತವರು ಮನೆ

ಹಳೇ ಕಾರನ್ನು ಮನೆಗೆ ತಂದರೆ ಕಾರೊಂದೇ ಬರೋದಿಲ್ಲ. ಅದನ್ನು ಓಡಿಸಿದವರು, ಅದರಲ್ಲಿ ಮಲಗಿದವರು, ಮೊಟ್ಟೆ ಇಟ್ಟವರು, ಎಲ್ಲರೂ ಒಬ್ಬೊಬ್ಬರಾಗಿ ಹಿಂದೆ ಬರ್ತಾರೆ. ಮೈಸೂರು ಬಿಟ್ಟು ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಮಗಳ ಮನೆ ಸೇರಿದಾಗ, ಇನ್ನು ನೆಂಟರಿಷ್ಟರು ಮುಗಿದ ಕಥೆ ಅಂದುಕೊಂಡಿದ್ದೆ. ಈ ಕಾರು ಬಂದಮೇಲೆ ಬಂದವರಿಗೆ ಡಿಕಾಕ್ಷನ್ ಇಳಿಸಿ ಇಳಿಸಿ ಸಾಕಾಯ್ತು. ನನಗೆ ಓದು ಬರಹ ಬಾರದು. ನಾನು ಹೇಳಿದ್ದು, ಮಗಳು ಬರೆದದ್ದು. ಅವಳು ನಕ್ಕ ಕಡೆ ಒಂದೆರಡು ಅಕ್ಷರ ಸೊಟ್ಟಗಾಗಿರಬಹುದು.

ಗೋತ್ರ ಗೊತ್ತಿಲ್ಲದವಳು

ಆಗ ನಮ್ಮ ಅಳಿಯಂದಿರ ಕೆಲಸ ಹೋಗಿತ್ತು. ಇಂಜಿನಿಯರು, ಕೈಕಟ್ಟಿ ಕೂರುವ ಮನುಷ್ಯರಲ್ಲ. ಆದರೂ ಬೆಳಗ್ಗೆ ಎದ್ದು ಕಿಟಕಿಯ ಮುಂದೆ ಕೂತರೆ, ಕಾಫಿ ಆರಿ ಕೆನೆ ಕಟ್ಟಿದರೂ ಲೋಟ ಎತ್ತುತ್ತಿರಲಿಲ್ಲ. ಅಂಥವರು ಒಂದು ದಿನ ದೂರದ ಪಾಮರ್ಸ್ಟನ್ ನಾರ್ತ್ ಊರಿನ ಕಡೆಯ ಒಬ್ಬ ರೈತನ ಶೆಡ್ಡಿನಿಂದ ಟ್ರೈಲರ್ ಮೇಲೆ ತುಕ್ಕಿನ ಗುಡ್ಡೆಯೊಂದನ್ನು ಹೇರಿಸಿಕೊಂಡು ಬಂದರು. ಇಂಗ್ಲೆಂಡಿನಲ್ಲಿ ಹುಟ್ಟಿದ, ಗುಂಡಗುಂಡಗಿನ, ಬಹಳ ಹಳೇ ಕಾಲದ ಕಾರು. ಮಗಳು ಬಾಗಿಲಲ್ಲೇ ನಿಂತು, "ರೀ, ಜನ ಇಂಥದ್ದನ್ನ ಬಿಸಾಕೋದಕ್ಕೆ ದುಡ್ಡು ಕೊಡ್ತಾರೆ. ನೀವು ತರೋದಕ್ಕೆ ಕೊಟ್ರಾ?" ಅಂದಳು. ಅವರು ಟ್ರೈಲರಿನ ಹಗ್ಗ ಬಿಚ್ಚಿದರು. ಮಾರನೆಯ ದಿನ ನನಗಿಂತ ಮೊದಲು ಎದ್ದು ಗ್ಯಾರೇಜು ಸೇರಿದರು. ಕಾಫಿಯನ್ನು ಬಿಸಿ ಇರುವಾಗಲೇ ಕುಡಿದರು. ನಾನು ಮನಸ್ಸಿನಲ್ಲೇ ಆ ಕಾರಿಗೆ ಕೈಮುಗಿದೆ.

ತಟ್ಟಿ, ಉಜ್ಜಿ, ಬಣ್ಣ ಬಳಿದು, ಅದು ಓಡುವ ಹೊತ್ತಿಗೆ ಅವರಿಗೆ ಹೊಸ ಕೆಲಸವೂ ಸಿಕ್ಕಿತ್ತು. ನಾನು ಗುಂಡಮ್ಮ ಅಂತ ಹೆಸರಿಟ್ಟೆ. ಅವಳ ಮೂತಿಯ ಮೇಲೆ ಎರಡು ಸಣ್ಣ ತೂತುಗಳಿದ್ದವು. ಕಂಪನಿಯವರು ಮಾಡಿದ್ದಲ್ಲ, ಯಾರೋ ಆಮೇಲೆ ಕೊರೆದಿದ್ದಾರೆ, ಮುಚ್ಚಿಬಿಡ್ತೀನಿ ಅಂದರು ಅಳಿಯಂದಿರು. ನಾನು ಬಿಡಲಿಲ್ಲ. "ಯಾರೋ ಆಸೆಯಿಂದ ಮೂಗು ಚುಚ್ಚಿಸಿದ್ದಾರೆ, ಮುಚ್ಚಬೇಡಿ. ಮೂಗುಬೊಟ್ಟು ಸಿಕ್ಕಿದಾಗ ಸಿಗಲಿ" ಅಂದೆ. ಅತ್ತೆಗೆ ಎದುರು ಮಾತಾಡಿ ಅಭ್ಯಾಸವಿಲ್ಲದವರು, ಹಾಗೇ ಬಿಟ್ಟರು.

ಒಳಗೆ ಎಡಗಡೆ ಸೀಟಿನ ಮುಂದೆ ಮರದ ಪುಟ್ಟ ಗೂಡೂ ಒಂದಿತ್ತು. ಅಂಗೈಯಗಲ, ಒಳಗೆಲ್ಲ ಹಸಿರು ಮಖಮಲ್ಲು. ಯಾಕಿದೆ ಅಂತ ಅಳಿಯಂದಿರಿಗೆ ತಿಳಿಯಲಿಲ್ಲ. ನನಗೆ ನೋಡಿದ ಕೂಡಲೇ ತಿಳಿಯಿತು. ಹಿತ್ತಾಳೆಯ ಗಣಪತಿಯನ್ನು ತಂದು ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಟ್ಟ.

ಗಾಡಿ ಪೂಜೆಗೆ ಬಂದ ಪುರೋಹಿತರು ವಾರವೆಲ್ಲ ಕಂಪ್ಯೂಟರ್ ಮುಂದೆ, ಶನಿವಾರ ಭಾನುವಾರ ದೇವರ ಮುಂದೆ. ಸಂಕಲ್ಪದಲ್ಲಿ ಗೋತ್ರ ಕೇಳಿದರು, ಅಳಿಯಂದಿರು ತಮ್ಮದು ಹೇಳಿದರು. ಗುಂಡಮ್ಮನದು ಏನು ಹೇಳೋದು ಅಂತ ನಾನು ಕೇಳಿದೆ. ಪುರೋಹಿತರು ಒಂದು ಗಳಿಗೆ ನೋಡಿ, "ಅಜ್ಜಿ, ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ಹೇಳೋದು" ಅಂದರು. ಸದ್ಯ, ನಮ್ಮ ಅಳಿಯಂದಿರದು ಬೇರೆ ಗೋತ್ರ. ಇಲ್ಲದಿದ್ದರೆ ಸಗೋತ್ರ ಅಂತ ಅವಳನ್ನು ವಾಪಸ್ ಟ್ರೈಲರ್ ಹತ್ತಿಸಬೇಕಾಗ್ತಿತ್ತು.

ಚಕ್ರದ ಕೆಳಗೆ ಇಡುವ ನಿಂಬೆಹಣ್ಣು ಕೊಟ್ಟವರು ಬೇಲಿಯಾಚೆಯ ಮನೆಯ ತಾತ, ಈ ದೇಶದವರೇ. ಬೇಲಿಯ ಮೇಲಿಂದಲೇ ಎಲ್ಲವನ್ನೂ ನೋಡಿ, ಯಾಕೆ ಅಂತ ಕೇಳಿದರು. ದಾರಿಯಲ್ಲಿ ತೊಂದರೆ ಬರದಿರಲಿ ಅಂತ, ಅಂದಳು ಮಗಳು. ಮುಂದಿನ ವಾರ ಹಿಂದೆ ಸಾಮಾನು ಹೇರುವ ಅವರ ಯೂಟ್ ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ವಾರಂಟ್ ತಪಾಸಣೆ ಇತ್ತು. ಬೆಳಗ್ಗೆ ನೋಡಿದರೆ ಅವರ ಅಂಗಳದಲ್ಲಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ.

ಕೋಳಿಗಳ ಕಾರು

ಮನೆಗೆ ಬಂದ ಹೆಣ್ಣಿನ ತವರು ಯಾವುದು ಅಂತ ತಿಳಿಯಬೇಡವೇ? ಅದು ನನಗೆ ಹಟವೇ ಆಗಿಬಿಟ್ಟಿತು. ಹಳೇ ಯಜಮಾನರ ಹೆಸರನ್ನು ಗಾಡಿ ನೋಂದಣಿ ಕಚೇರಿಯವರು ಕೇಳಿದವರಿಗೆಲ್ಲ ಕೊಡೋದಿಲ್ಲವಂತೆ. ಹಾಗಾದರೆ ಮಾರಿದವರನ್ನೇ ಕೇಳಿ ಅಂತ ಅಳಿಯಂದಿರ ಬೆನ್ನು ಬಿದ್ದೆ. ಅವರು ರೈತನಿಗೆ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಮಗಳು ಕನ್ನಡದಲ್ಲಿ ಹೇಳ್ತಾ ಹೋದಳು.

ರೈತ ಅಂದನಂತೆ, ಕಾಗದದಲ್ಲಿ ಯಜಮಾನ ನಾನು, ಆದರೆ ಒಳಗಿದ್ದದ್ದು ನಮ್ಮ ಕೋಳಿಗಳು. ಎಷ್ಟೋ ವರ್ಷ ಅವು ಆ ಕಾರಲ್ಲೇ ಮೊಟ್ಟೆ ಇಟ್ಟವು. ಆ ಮರದ ಗೂಡು ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಕೋಳಿ ಅದರೊಳಗೆ ಹಿಡಿಸುತ್ತಿರಲಿಲ್ಲ.

ಮಾತು ಮುಗಿಸುವಾಗ ಅವನೇ, ಸೀಟಿನ ಕೆಳಗೆ ಒಂದು ಮೊಟ್ಟೆ ಸಿಕ್ಕಿತಾ ಅಂತ ಕೇಳಿದ. ಸಿಕ್ಕಿತ್ತು. ಅಷ್ಟು ವರ್ಷದ ಮೊಟ್ಟೆ ಒಡೆದರೆ ಬೀದಿಗೆಲ್ಲ ನಾತ ಅಂತ ಅಳಿಯಂದಿರು ಮೂಗಿಗೆ ಬಟ್ಟೆ ಕಟ್ಟಿ, ಚಮಚದಲ್ಲಿ ಎತ್ತಿ, ಉಸಿರು ಹಿಡಿದು ಹಿತ್ತಲಿಗೆ ಹೋಗಿ, ಮೊಣಕಾಲುದ್ದದ ಗುಂಡಿ ತೋಡಿ ಹೂತಿದ್ದರು. ನಾನು ಜೊತೆಗೆ ನಿಂತು ಎರಡು ಊದುಬತ್ತಿ ಹಚ್ಚಿದ್ದೆ. ಆ ಕಡೆಯಿಂದ ರೈತ ನಿಧಾನವಾಗಿ ಹೇಳಿದ, ಅದು ಪಿಂಗಾಣಿದು. ಇಲ್ಲಿ ಮೊಟ್ಟೆ ಇಡಬಹುದು ಅಂತ ಕೋಳಿಯನ್ನು ನಂಬಿಸೋದಕ್ಕೆ ಇಡೋದು.

ಮಗಳು ಫೋನ್ ಕೆಳಗಿಟ್ಟು, "ಕೋಳಿ ನಂಬಿತೋ ಇಲ್ಲವೋ, ಇಂಜಿನಿಯರ್ ನಂಬಿದರು" ಅಂದಳು.

ಹಿಂದಿನ ಸೀಟಿನ ಬಾಣಂತನ

ರೈತ ಆ ಕಾರನ್ನು ಕೊಂಡಿದ್ದು ತನ್ನ ಹಳೇ ಫ್ಲ್ಯಾಟ್‌ಮೇಟ್ ಒಬ್ಬರಿಂದ. ಪಾಮರ್ಸ್ಟನ್ ನಾರ್ತ್ ಯೂನಿವರ್ಸಿಟಿಯಲ್ಲಿ ಓದುವಾಗ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರು. ಆಕೆ ಈಗ ದನಕುರಿಗಳ ಡಾಕ್ಟರು, ರೈತನ ಹತ್ತಿರದ ಹಳ್ಳಿಯಲ್ಲೇ ವಾಸ. ಫೋನ್ ಮಾಡಿದರೆ, ಬನ್ನಿ ಅಂತ ಕರೆದರು. ನಾವು ಗುಂಡಮ್ಮನಲ್ಲೇ ಹೊರಟೆವು.

ಊರಿನ ರಸ್ತೆ ಮುಗಿದು ಜಲ್ಲಿ ರಸ್ತೆ ಶುರುವಾದ ಮೇಲೆ ನನ್ನ ಪಾಡು ಕೇಳಬೇಡಿ. ನನ್ನದು ಕಟ್ಟಿಸಿದ ಹಲ್ಲು. ಗುಂಡಮ್ಮ ಕುಣಿದ ಹಾಗೆಲ್ಲ ಮೇಲಿನ ಸಾಲು ಕೆಳಗಿನ ಸಾಲಿನ ಜೊತೆ ಜಗಳಕ್ಕೆ ಬಿತ್ತು, ಕಟಕಟ ಕಟಕಟ. ಅಳಿಯಂದಿರು ಗಾಡಿ ನಿಲ್ಲಿಸಿ, ಇಂಜಿನ್ನಿನಲ್ಲಿ ಏನೋ ಸದ್ದು ಅಂತ ಬಾನೆಟ್ ಎತ್ತಿ ಬಗ್ಗಿ ಬಗ್ಗಿ ನೋಡಿದರು. ಮತ್ತೆ ಹೊರಟರೆ ಮತ್ತೆ ಸದ್ದು. ಮೂರನೇ ಸಲ ನಿಲ್ಲಿಸಿದಾಗ ಮಗಳು, "ಅಮ್ಮ, ಬಾಯಿಗೆ ಸೆರಗು ಕಚ್ಚಿಕೋ, ಇವರು ಇಂಜಿನ್ ಬಿಚ್ಚಿಬಿಡ್ತಾರೆ" ಅಂದಳು.

ಡಾಕ್ಟರಮ್ಮ ಗೇಟಿಗೇ ಓಡಿಬಂದು ಮೊದಲು ಕಾರನ್ನು ತಬ್ಬಿಕೊಂಡರು, ಆಮೇಲೆ ನಮ್ಮನ್ನು. ಆರು ಜನ ಅದರಲ್ಲಿ ತುರುಕಿಕೊಂಡು ಕಾಲೇಜಿಗೆ ಹೋಗಿದ್ದು, ಬ್ರೇಕು ಹಿಡಿಯದೆ ಪೊದೆಯೊಳಗೆ ನುಗ್ಗಿದ್ದು, ಎಲ್ಲ ಹೇಳಿದರು. ನಾನು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಹಾಯಾಗಿ ಕೂತಿದ್ದೆ. ಅವರು ನನ್ನನ್ನೇ ನೋಡಿ ನಗೋದಕ್ಕೆ ಶುರುಮಾಡಿದರು. ಒಂದು ಚಳಿಗಾಲದಲ್ಲಿ ಕಷ್ಟದ ಹೆರಿಗೆಯ ಕುರಿಯೊಂದನ್ನು ಆಸ್ಪತ್ರೆಗೆ ಸಾಗಿಸುವಾಗ, ಅದು ದಾರಿಯಲ್ಲೇ, ನಾನು ಕೂತ ಕಡೆಯಲ್ಲೇ, ಹೆತ್ತುಬಿಟ್ಟಿತಂತೆ.

ಸೀಟು ಹೊಸದು ಅತ್ತೆ, ಪೂರಾ ಬದಲಾಯಿಸಿದ್ದೀನಿ ಅಂತ ಅಳಿಯಂದಿರು ಗಾಬರಿಯಾದರು. ನಾನು ಏಳಲಿಲ್ಲ. ಹೆರಿಗೆಯಾದ ಜಾಗ ಅಂದರೆ ಒಳ್ಳೆಯ ಜಾಗ. ಮರಿ ಎಷ್ಟು ಅಂತ ಮಗಳ ಕೈಲಿ ಕೇಳಿಸಿದೆ. ಎರಡು, ಎರಡೂ ಬದುಕಿದವು ಅಂದರು. ಸದ್ಯ ಅಂದೆ. ಬಾಣಂತಿಗೆ ಏನು ಕೊಟ್ಟರು ಅಂತಲೂ ಕೇಳಿಸಿದೆ. ಹುಲ್ಲು, ಅಂದರು. ಬೆಳ್ಳುಳ್ಳಿ ಹಾಕಬೇಕಿತ್ತು.

ಚಿಕ್ಕಿಯ ಉಪಾಯ

ಮರದ ಗೂಡು ಡಾಕ್ಟರಮ್ಮನ ಕಾಲಕ್ಕೂ ಮೊದಲೇ ಇತ್ತಂತೆ. ಅವರು ಕಾರು ಕೊಂಡಿದ್ದು ಮೊದಲ ಯಜಮಾನರಿಂದ. ಆ ತಾತ ಸಂತೆಯಲ್ಲಿ ಕುರಿ ಹರಾಜು ಕೂಗುತ್ತಿದ್ದವರು, ಈಗಿಲ್ಲ. ಮಗಳೊಬ್ಬರು ಇದ್ದಾರೆ, ನಿಮ್ಮ ನಂಬರ್ ಅವರಿಗೆ ಮುಟ್ಟಿಸ್ತೀನಿ ಅಂದರು ಡಾಕ್ಟರಮ್ಮ. ತವರು ಸಿಕ್ಕಿತು ಅಂತ ನಾನು ಹಿಗ್ಗಿದೆ.

ನಾಲ್ಕು ದಿನಕ್ಕೆ ಫೋನ್ ಬಂತು. ಆ ಹೆಂಗಸು ಹೆಚ್ಚು ಮಾತಾಡಲಿಲ್ಲ. ನಮ್ಮಪ್ಪನ ಕಾರು, ಬಂದು ನೋಡಬೇಕು, ನೋಡಿಕೊಂಡು ಒಂದು ಮಾತು ಕೇಳಬೇಕು ಅಂದರು. ಕೇಳುವ ಮಾತು ಇನ್ನೇನಿರುತ್ತೆ? ಮಾರ್ತೀರಾ ಅಂತ ತಾನೆ? ಮಗಳು ಹಾಗೇ ಅಂದಳು. ಅಳಿಯಂದಿರು ಗ್ಯಾರೇಜಿಗೆ ಹೋಗಿ ಗುಂಡಮ್ಮನ ಬಾಗಿಲು ತೆಗೆದು ಒಳಗೆ ಕೂತರು. ಕಾಫಿ ಕೊಂಡುಹೋಗಿ ಕೊಟ್ಟೆ. ವಾಪಸ್ ಬಂದು ನೋಡಿದರೆ ಕೆನೆ ಕಟ್ಟಿತ್ತು.

"ಅಪ್ಪನ ನೆನಪಿಗೆ ಅಂತ ಕೇಳಿದರೆ ನಾನು ಇಲ್ಲ ಅನ್ನಲಾರೆ ಅತ್ತೆ" ಅಂದರು. ಅದೂ ನಿಜ. ತವರು ಹುಡುಕಿ ಅಂತ ಬೆನ್ನುಬಿದ್ದವಳು ನಾನು. ಈಗ ತವರಿನವರು ಬಂದು ಹುಡುಗಿಯನ್ನು ಕರೆದುಕೊಂಡೇ ಹೋದರೆ?

ಯೋಚನೆ ಮಾಡಿ ಒಂದು ಉಪಾಯ ತೆಗೆದೆ. ಬೆಲ್ಲದ ಪಾಕವನ್ನು ಬೇಕಂತಲೇ ಗಟ್ಟಿ ಇಳಿಸಿ ಕಡಲೆಕಾಯಿ ಚಿಕ್ಕಿ ಮಾಡಿದೆ. ಆಕೆ ಬಾಯಿ ತೆರೆದಾಗಲೆಲ್ಲ ಒಂದು ತುಂಡು ಕೊಡೋದು. ಬಾಯಿ ಅಂಟಿಕೊಂಡರೆ ಕೇಳೋದು ಹೇಗೆ?

ಆಕೆ ಬಂದರು. ನನಗಿಂತ ಸ್ವಲ್ಪ ಚಿಕ್ಕವರಿರಬಹುದು, ಬೆಳ್ಳಗಿನ ಕೂದಲು, ಮಡಿಲಲ್ಲಿ ಬಟ್ಟೆಯ ಚೀಲವೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಕೊಟ್ಟೆ, ಅವರು ತಿಂದರು. ಮತ್ತೆ ಕೊಟ್ಟೆ, ಮತ್ತೆ ತಿಂದರು. ಅವರದು ಸ್ವಂತ ಹಲ್ಲು, ಕಟಕ್ ಅಂತ ಮುರಿದು ನುಂಗಿದರು. ಅವರೊಬ್ಬರೇ ತಿನ್ನೋದು ಚೆನ್ನಾಗಿರೋದಿಲ್ಲ ಅಂತ ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಷ್ಟೇ. ಮೇಲಿನ ಸೆಟ್ಟು ಕೆಳಗಿನ ಸೆಟ್ಟು ಕಚ್ಚಿ ಹಿಡಿದುಕೊಂಡವು. ಅವರು ಮಾತು ತೆಗೆಯುವ ಹೊತ್ತಿಗೆ, ಆ ಮನೆಯಲ್ಲಿ ಬಾಯಿ ತೆರೆಯಲಾಗದೆ ಕೂತಿದ್ದವಳು ನಾನೊಬ್ಬಳೇ.

ಎರಡು ತೂತು, ಎರಡು ಗೂಡು

ಕಾರು ನೋಡೋಣ ಅಂತ ಎಲ್ಲರೂ ಗ್ಯಾರೇಜಿಗೆ ಹೋದೆವು. ಆಕೆ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತರು. ಕಾರಿನ ಮೂತಿ ನೋಡಲು ಹೆದರಿದ ಹಾಗಿತ್ತು. ಆಮೇಲೆ ಅಳಿಯಂದಿರನ್ನು ಕೇಳಿದರು.

"ಮೂತಿಯ ಮೇಲೆ ಎರಡು ತೂತಿದ್ದವು. ನೀವು ಮುಚ್ಚಿಬಿಟ್ಟಿರಾ?"

ಕೇಳಬೇಕು ಅಂದ ಮಾತು ಅದೇ. ಅಳಿಯಂದಿರು ನನ್ನ ಕಡೆ ಕೈ ತೋರಿಸಿದರು. ಮುಚ್ಚೋಣ ಅಂದಿದ್ದರು, ನಮ್ಮಮ್ಮ ಬಿಡಲಿಲ್ಲ ಅಂತ ಮಗಳು ಹೇಳಿದಳು. ಆಕೆ ಚೀಲದಿಂದ ಒಂದು ಪುಟ್ಟ ಟಗರು ತೆಗೆದರು. ಫಳಫಳ ಹೊಳೆಯುವ ಸ್ಟೀಲಿನದು, ಬಾಗಿದ ಕೊಂಬು, ಕೆಳಗೆ ಎರಡು ತಿರುಪುಮೊಳೆ. ಹರಾಜಿನ ತಾತ ಮುದ್ದಿಗೆ ಮಾಡಿಸಿ ಹಾಕಿದ್ದಂತೆ. ಕಾರು ಮಾರುವ ದಿನ ಅದನ್ನು ಬಿಟ್ಟುಕೊಡಲು ಮನಸ್ಸಾಗದೆ ಬಿಚ್ಚಿಟ್ಟುಕೊಂಡಿದ್ದರು. ಅಂದಿನಿಂದ ಅದು ಅಡುಗೆಮನೆ ಕಿಟಕಿಯಲ್ಲಿ ಕೂತಿತ್ತು. ಇದು ಅವಳ ಜೊತೆಗಿರಬೇಕು, ಹಾಕಲೇ? ಅಂತ ಕೇಳಿದರು.

ಅಳಿಯಂದಿರು ತಿರುಪುಳಿ ತಂದರು. ಇಬ್ಬರೂ ಸೇರಿ ಹಾಕಿದರು. ಆ ಹೊತ್ತಿಗೆ ನನ್ನ ಹಲ್ಲೂ ಬಿಟ್ಟುಕೊಂಡಿತ್ತು. ಮೂಗುಬೊಟ್ಟು ತಂದ ತವರಿನವರನ್ನು ಬರಿಗೈಯಲ್ಲಿ ಕಳಿಸೋದುಂಟೇ? ಆಕೆಯನ್ನು ಕೂರಿಸಿ ಅರಿಶಿನ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬಿದೆ. ಉಳಿದ ಚಿಕ್ಕಿಯನ್ನೂ ಕಟ್ಟಿಕೊಟ್ಟೆ, ಅದನ್ನು ತಿನ್ನುವ ಶಕ್ತಿ ಅವರೊಬ್ಬರಿಗೇ ಇದ್ದದ್ದು. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಅಂದರು. ಅದನ್ನು ಮಗಳು ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.

ಒಂದು ಸುತ್ತು ಹೋಗಿಬರೋಣ ಅಂತ ಆಕೆಯನ್ನು ಎಡಗಡೆ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕೂತವರು ಗೂಡಿನೊಳಗಿನ ಗಣಪತಿಯನ್ನು ನೋಡಿದರು. ನೋಡಿದ್ದೇ ನೋಡಿದ್ದು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಪ್ಪನದು ಕಟ್ಟಿಸಿದ ಹಲ್ಲಂತೆ. ಆಗ ಎಲ್ಲ ಕಡೆ ಜಲ್ಲಿ ರಸ್ತೆ, ಕಟಕಟ ತಡೆಯಲಾರದೆ ಗಾಡಿ ಓಡಿಸುವಾಗ ಹಲ್ಲನ್ನು ತೆಗೆದಿಡೋದಕ್ಕೆ ತಾವೇ ಕೂತು ಮಾಡಿದ ಗೂಡಂತೆ ಅದು. ಒಂದು ಸಲ ವಾಪಸ್ ಹಾಕಿಕೊಳ್ಳೋದನ್ನು ಮರೆತು ಹರಾಜು ಕೂಗಿ, ಯಾವ ಕುರಿ ಯಾರ ಪಾಲಿಗೆ ಹೋಯ್ತು ಅಂತ ಸಂತೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವಂತೆ.

ಅಯ್ಯೋ ದೇವರೇ! ಅಷ್ಟು ದಿನ ದೇವರನ್ನು ಎಂಜಲು ಗೂಡಿನಲ್ಲಿ ಕೂರಿಸಿ ಆರತಿ ಎತ್ತಿದ್ದೆನಲ್ಲ. ಪುರೋಹಿತರಿಗೆ ಅಲ್ಲಿಂದಲೇ ಫೋನ್ ಹಚ್ಚಿಸಿದೆ. ಅವರು ಆಫೀಸಿನ ಮೀಟಿಂಗಿನಲ್ಲಿದ್ದರು. ಪಿಸುಮಾತಿನಲ್ಲೇ, "ಅರಿಶಿನದ ನೀರಲ್ಲಿ ಒರೆಸಿಬಿಡಿ ಅಜ್ಜಿ. ಹಲ್ಲಿನ ವಿಷಯದಲ್ಲಿ ಆ ದೇವರು ಯಾರನ್ನೂ ಆಡಿಕೊಳ್ಳೋದಿಲ್ಲ" ಅಂದರು.

ಆ ಹೆಂಗಸಿಗೆ ಮಗಳು ಅದನ್ನು ಬಿಡಿಸಿ ಹೇಳಿದಳು. ನಮ್ಮ ಈ ದೇವರಿಗೆ ಒಂದು ದಂತ ಮುರಿದಿದೆ, ಇರೋದು ಒಂದೇ. ಆಕೆ ಬಗ್ಗಿ ಗಣಪತಿಯ ಮುಖವನ್ನು ಹತ್ತಿರದಿಂದ ನೋಡಿ, ನಮ್ಮಪ್ಪನ ಜಾಗ ಸರಿಯಾದವರಿಗೇ ಸಿಕ್ಕಿದೆ ಅಂದರು.

ಆಕೆಯನ್ನು ಬೀಳ್ಕೊಟ್ಟ ಮಾರನೆಯ ದಿನ, ಅಳಿಯಂದಿರು ಕೆನೆ ಕಟ್ಟುವ ಮೊದಲೇ ಕಾಫಿ ಕುಡಿದು ಗ್ಯಾರೇಜು ಸೇರಿದರು. ಮಧ್ಯಾಹ್ನ ಹಿಂದಿನ ಸೀಟಿನ ಪಕ್ಕಕ್ಕೆ ಬಂದು ನೋಡಿ ಅತ್ತೆ ಅಂತ ಕರೆದರು. ಅಂಗೈಯಗಲದ ಮರದ ಗೂಡು, ಒಳಗೆ ಹಸಿರು ಮಖಮಲ್ಲು, ನನ್ನ ಕೈಗೆ ಎಟಕುವ ಹಾಗೆ.

ಈಗ ಗುಂಡಮ್ಮನೊಳಗೆ ಎರಡು ಗೂಡು. ಮುಂದಿನದರಲ್ಲಿ ಒಂದೇ ಹಲ್ಲಿನ ದೇವರು. ಹಿಂದಿನದರಲ್ಲಿ, ಜಲ್ಲಿ ರಸ್ತೆ ಬಂದಾಗ, ಬರೀ ಹಲ್ಲು.