ಸರ್ಕಾರಿ ಪಾಚಿಯ ನವಿಲು

೧೯೩೪ರ ಬೇಸಿಗೆಯವರೆಗೆ, ಕಳಸದ ದಾರಿಯ ಹುಲ್ಲುಮಕ್ಕಿ ಕಚೇರಿಯ ಗೋಡೆಯ ಮೇಲಿನ ಪಾಚಿಗೆ ವಾರಸುದಾರರು ಯಾರೂ ಇರಲಿಲ್ಲ.

ಆ ಗೋಡೆಯ ಎದುರು ಬೀದಿಯಲ್ಲಿ ಕೂತು ಜವರಮ್ಮ ಕಾಗದದ ಮೇಲೆ ಕೆಮ್ಮಣ್ಣು, ಸುಣ್ಣದಲ್ಲಿ ಚಿತ್ರ ಬರೆದು ಮಾರುತ್ತಿದ್ದಳು. ಕಾಲು ಮುರಿದ ಮೇಲೆ ಎಸ್ಟೇಟಿನ ಮೇಸ್ತ್ರಿ ಅವಳನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿದ್ದ. ಸಂತೆದಿನ ಆ ಮೊಳ ಜಾಗವೇ ಅವಳ ಅನ್ನ. ಪಕ್ಕದಲ್ಲಿ ಕೂರುವ ಲಕ್ಕಯ್ಯನದೂ ಅದೇ ಕಸುಬು. ಕಚೇರಿಯ ಶೇಕ್‌ದಾರ್ ಜನಾರ್ದನರಾಯರು ಇಬ್ಬರ ಹತ್ತಿರವೂ ಒಂದೊಂದು ನವಿಲು ಕೊಂಡು ಮನೆಗೆ ಒಯ್ದರು. ಹೆಂಡತಿ ನೋಡಿ, "ಎರಡಕ್ಕೂ ಒಂದೇ ಡೊಂಕು ಬಾಲ!" ಎಂದುಬಿಟ್ಟರು. ಮರುದಿನವೇ ವಿಚಾರಣೆ.

"ಯಾರದ್ದು ನೋಡಿ ಯಾರು ಬರೆದದ್ದು? ನಕಲು ಮಾಡಿದವರಿಗೆ ಬೀದಿಯಲ್ಲಿ ಜಾಗವಿಲ್ಲ."

ಜವರಮ್ಮ ಹೊರಗೋಡೆಯತ್ತ ಕೈ ತೋರಿದಳು. "ಯಾರ್ದೂ ನೋಡ್ಲಿಲ್ಲ ಸ್ವಾಮಿ. ನಿಮ್ಮ ಗೋಡೆ ಮೇಲಿನ ಪಾಚಿನೇ ಹಂಗಿದ್ಯಲ್ಲ."

"ನಂದೂ ಅದೇ ಸ್ವಾಮಿ," ಎಂದ ಲಕ್ಕಯ್ಯ.

ರಾಯರು ಹೊರಗೆ ಬಂದು ನೋಡಿದರು. ಪಾಚಿ ನವಿಲಿನ ಆಕಾರದಲ್ಲೇ ಹಬ್ಬಿತ್ತು; ಅದರ ಬಾಲವೂ ಡೊಂಕಾಗಿಯೇ ಇತ್ತು. ಸಂಜೆ ಪ್ರಕಟಣೆ ಹೊರಟಿತು:

"ಸದರಿ ಪಾಚಿಯು ಸರ್ಕಾರಿ ಗೋಡೆಯ ಮೇಲೆ ಬೆಳೆದಿರುವುದರಿಂದ ಅದನ್ನು ಸರ್ಕಾರಿ ನಮೂನೆಯೆಂದು ಘೋಷಿಸಲಾಗಿದೆ. ಚಿತ್ರಗಾರರು ಅದಕ್ಕೆ ತಾಳೆಯಾಗುವಂತೆ ಮಾತ್ರ ಬರೆಯತಕ್ಕದ್ದು. ತಪ್ಪಿದವರ ಜಾಗ ರದ್ದು. ತಾಳೆ ನೋಡಲು ಅಡ್ಡಿಯಾಗುವುದರಿಂದ ಈ ಮಳೆಗಾಲ ಗೋಡೆಗೆ ಮಳೆ ತಡೆಯುವ ಸೋಗೆ ತಟ್ಟಿ ಕಟ್ಟತಕ್ಕದ್ದಲ್ಲ."

"ತಟ್ಟಿ ಕಟ್ದಿದ್ರೆ ಮಣ್ಣಿನ ಗೋಡೆ ನಿಲ್ತದಾ ಸ್ವಾಮಿ?" ಎಂದಳು ಜವರಮ್ಮ.

"ಗೋಡೆ ಬೇರೆ ಇಲಾಖೆಗೆ ಸೇರಿದ್ದು. ನಮ್ಮದು ಪಾಚಿ," ಎಂದರು ರಾಯರು.

ಮಳೆ ಹಿಡಿಯಿತು, ಪಾಚಿ ಹಬ್ಬಿತು. ಸಂತೆಯಿಂದ ಸಂತೆಗೆ ನವಿಲಿಗೆ ಒಂದೊಂದು ಕಾಲು ಮೂಡಿತು. ಗುಮಾಸ್ತ ಗುರುವಯ್ಯ ಕೊಡೆ ಹಿಡಿದು, ಕಾಲೆಣಿಸಿ ಮೊಹರು ಒತ್ತುತ್ತಿದ್ದ. ಹಟಕ್ಕೆ ಬಿದ್ದು ಎರಡೇ ಕಾಲು ಬರೆದ ಲಕ್ಕಯ್ಯನ ಜಾಗ ರದ್ದಾಯಿತು. ಜವರಮ್ಮನ ಐದು ಕಾಲಿನದಕ್ಕೆ ಮೊಹರಿದ್ದುದರಿಂದ ಊರವರು ಅದೇ ಸರಿಯಾದ ನವಿಲೆಂದು ಕೊಂಡರು.

ಆಷಾಢದಲ್ಲಿ ಗೋಡೆ ಬಿತ್ತು. ನಮೂನೆಯೇ ಇಲ್ಲದ ಮೇಲೆ ತಾಳೆಯಿಲ್ಲ, ತಾಳೆಯಿಲ್ಲದ ಮೇಲೆ ಜಾಗವಿಲ್ಲ. ಜವರಮ್ಮ ಕಚೇರಿ ಮೆಟ್ಟಿಲ ಮೇಲೆ ಕೂತು ಅತ್ತೇ ಅತ್ತಳು.

ರಾಯರು ಕಡತ ತಿರುವಿ ದಾರಿ ಕಂಡುಹಿಡಿದರು. ಹೊಸ ಗೋಡೆ ಎದ್ದಿತು. ಮೊಹರಿದ್ದ ಕೊನೆಯ ಚಿತ್ರದಂತೆ ಅದರ ಮೇಲೆ ಹಸಿರು ಬಣ್ಣದಲ್ಲಿ ಪಾಚಿ ಬರೆಯಲು ಜವರಮ್ಮನನ್ನೇ ಕರೆಸಲಾಯಿತು. ಕೆಳಗೆ ಹಲಗೆ ತೂಗಿತು: "ಇದು ಮೂಲ."

ಈಗ ಅವಳು ಎದುರು ಕೂತು ಅದನ್ನೇ ನೋಡಿ ಬರೆಯುತ್ತಾಳೆ. ಒಂದು ಸಂತೆಯಲ್ಲಿ ಗರಿಯೊಂದು ಓರೆಯಾಯಿತು. ಗುರುವಯ್ಯ ಗೋಡೆಯನ್ನೂ ಕಾಗದವನ್ನೂ ನೋಡಿ ತಲೆಯಾಡಿಸಿದ.

"ಎಷ್ಟಾದ್ರೂ ಸರ್ಕಾರದ ಕೈ ನಿಂಗೆ ಬರೋದಿಲ್ಲ ಬಿಡಮ್ಮ."

ಜವರಮ್ಮ ಕಣ್ಣು ಕಿರಿದು ಮಾಡಿ ಗೋಡೆಯನ್ನು ದಿಟ್ಟಿಸಿದಳು.

"ಹೌದು ಸ್ವಾಮಿ," ಎಂದಳು. "ಅದನ್ನ ಬರೆದೋರು ಭಾರಿ ಕಲ್ತೋರು."